ಮೊಹರಮ್ಮಿನ ಹಿಂದಿರುವ ಧರ್ಮ
(ಇಸ್ಲಾಂ ಮತದ ಉಗಮ, ಅದರ ಮೂಲ ನಂಬಿಕೆಗಳು ಮತ್ತು ನಮ್ಮ ಸೀಮೆಗೆ ಅದು ಬಂದ ಬಗೆ)

ಯುಗಾದಿಯು ಯಾವಾಗ ಬರುವದೆಂದು ನಮ್ಮ ಮನೆಯ ಮಕ್ಕಳನ್ನು ಕೇಳಿದರೆ ಅವರು ತಡೆಯದೆ ಉತ್ತರ ಕೊಡುವರು: ಬಿಳಿಜೋಳದ ರಾಶಿ ಮುಗಿದು ಬೇವು ಚಿಗುರಿದಾಗ. ಕಾರಹುಣ್ಣಿವೆಯು ಮುಂಗಾರಿನ ಮೊದಲಲ್ಲಿ ಬರುವದು. ಎಳ್ಳಮಾವಾಸ್ಯೆಯು ಹಿಂಗಾರಿಯ ಹೊಲ ಹಸಿರಾಗಿ ನಿಂತ ಚಳಿಗಾಲದಲ್ಲಿ. ಆದರೆ ಮೊಹರಮ್ಮಿಗೆ ಇಂಥದೇ ಹಂಗಾಮು ಎಂಬುದಿಲ್ಲ. 1992ರಲ್ಲಿ ಜುಲೈ ತಿಂಗಳ ಮಳೆಯಲ್ಲಿ ಬಂದ ಆ ಹಬ್ಬವು ವರ್ಷಕ್ಕೆ ಸುಮಾರು ಹನ್ನೊಂದು ದಿನಗಳಷ್ಟು ಹಿಂದೆ ಹಿಂದೆ ಸರಿಯುತ್ತ, ಬೇಸಿಗೆಯನ್ನೂ ಚಳಿಗಾಲವನ್ನೂ ದಾಟಿ, ಪೂರಾ ಒಂದು ಸುತ್ತು ಹಾಕಿ, 2025ರಲ್ಲಿ ತಿರುಗಿ ಜುಲೈ ತಿಂಗಳಿಗೇ ಬಂದು ಮುಟ್ಟಿತು. ನಡುವೆ 2009ನೆಯ ಇಸವಿಯಲ್ಲಂತೂ ಜನೇವರಿಯಲ್ಲೊಮ್ಮೆ, ಡಿಸೆಂಬರದಲ್ಲೊಮ್ಮೆ, ಒಂದೇ ವರ್ಷ ಎರಡು ಸಲ ಬಂದುಹೋಯಿತು.

ಇದರ ಕಾರಣವು ಗೂಢವಾದುದೇನೂ ಅಲ್ಲ. ನಮ್ಮ ಪಂಚಾಂಗದಂತೆ ಮುಸಲ್ಮಾನರ ಪಂಚಾಂಗವೂ ಚಂದ್ರನನ್ನೇ ಹಿಡಿದು ನಡೆಯುವದು. ಹನ್ನೆರಡು ಚಾಂದ್ರಮಾಸಗಳು ಕೂಡಿದರೆ 354 ದಿನಗಳಾಗುತ್ತವೆ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ನಮ್ಮ ಜೋಯಿಸರು ಈ ಕೊರತೆಯನ್ನು ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕಮಾಸವನ್ನು ಸೇರಿಸಿ ತುಂಬಿಕೊಳ್ಳುವರು. ಅರಬಸ್ತಾನದ ಜನರೂ ಮೊದಲು ತಿಂಗಳುಗಳನ್ನು ಹಾಗೆಯೇ ಹಿಂದುಮುಂದು ಮಾಡಿಕೊಳ್ಳುತ್ತಿದ್ದರು. ಯುದ್ಧ ನಿಷಿದ್ಧವಾದ ಪವಿತ್ರ ಮಾಸಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಸರಿಸುವ ಈ ಪದ್ಧತಿಯನ್ನು ಕುರಾನವು ನಿಷೇಧಿಸಿತು. ಅಂದಿನಿಂದ ತಿಂಗಳುಗಳು ಋತುಗಳ ಹಂಗು ತೊರೆದು ಚಂದ್ರನೊಡನೆಯೇ ತಿರುಗುತ್ತಿವೆ.

ಮೊಹರಮ್ಮಿನ ಒಂದು ಲಕ್ಷಣವನ್ನು ತಿಳಿಯಹೋದರೂ ನಾವು ಏಳನೆಯ ಶತಮಾನದ ಅರಬಸ್ತಾನಕ್ಕೆ ಹೋಗಬೇಕಾಗುವದೆಂಬುದನ್ನು ತೋರಿಸಲು ಇಷ್ಟು ಹೇಳಿದೆನು. ನಮ್ಮ ಜತ್ತ ಸೀಮೆಯಲ್ಲಿ ನಾವು ಈ ಹಬ್ಬವನ್ನು ಚೆನ್ನಾಗಿ ಬಲ್ಲೆವು. ಪಂಜಾಗಳ ಮುಂದೆ ಸಕ್ಕರೆ ಓದಿಸಿದ್ದೇವೆ, ಚೋಂಗೆ ತಿಂದಿದ್ದೇವೆ, ಮಕ್ಕಳ ಕೊರಳಿಗೆ ಲಾಡಿ ಹಾಕಿಸಿ ಫಕೀರರನ್ನಾಗಿ ಮಾಡಿದ್ದೇವೆ. ಆದರೆ ಆ ಹಬ್ಬದ ಹಿಂದಿರುವ ಧರ್ಮವು ಏನನ್ನು ನಂಬುವದು, ಏನನ್ನು ಒಲ್ಲೆನೆನ್ನುವದು ಎಂದು ಕೇಳಿದರೆ ಬಹುಮಂದಿ ತಡವರಿಸುವರು. ಈ ಅರಿವಿನ ಕೊರತೆಯು ಹಿಂದೆ ಅಷ್ಟಾಗಿ ಕೇಡು ಮಾಡಲಿಲ್ಲ. ಓಣಿಯ ಬಳಕೆಯು ಅದನ್ನು ತುಂಬಿಕೊಡುತ್ತಿದ್ದಿತು. ಈಗ ಬಳಕೆ ತೆಳುವಾಗಿದೆ. ನೆರೆಯವನ ಧರ್ಮದ ವಿಷಯವನ್ನು ನೆರೆಯವನಿಂದ ಕೇಳದೆ ಅಂಗೈಯಲ್ಲಿಯ ಮೊಬೈಲಿನಿಂದ ಕೇಳುವ ದಿನಗಳು ಬಂದಿವೆ. ಆದುದರಿಂದ ಈ ಸಂಚಿಕೆಯ ಕೆಲವು ಪುಟಗಳನ್ನು ಇದಕ್ಕಾಗಿ ಕೇಳಿಕೊಂಡೆನು.

ಮಕ್ಕಾ ಪಟ್ಟಣವು ಬೆಳೆ ಬೆಳೆಯುವ ನೆಲದಲ್ಲಿರಲಿಲ್ಲ. ಒಕ್ಕಲುತನವಿಲ್ಲದ ಆ ಕಲ್ಲುನೆಲದಲ್ಲಿ ಜನರು ವ್ಯಾಪಾರದಿಂದ ಬದುಕುತ್ತಿದ್ದರು. ಅವರ ಒಂಟೆಗಳ ಸಾಲುಗಳು ದಕ್ಷಿಣಕ್ಕೆ ಯೆಮನಿಗೂ ಉತ್ತರಕ್ಕೆ ಸಿರಿಯಾಕ್ಕೂ ಹೋಗಿಬರುತ್ತಿದ್ದವು. ಊರ ನಡುವೆ ಕಾಬಾ ಎಂಬ ಚೌಕಾದ ಪುರಾತನ ಮಂದಿರ. ಅದರ ಸುತ್ತಲೂ ನಾನಾ ಕುಲಗಳ ನಾನಾ ದೇವತಾಮೂರ್ತಿಗಳು. ಅಲ್ಲಿಯ ಯಾತ್ರೆಯಿಂದಲೂ ಸಂತೆಯಿಂದಲೂ ಕುರೈಷ ಎಂಬ ಕುಲದವರಿಗೆ ಸಂಪತ್ತು ಬರುತ್ತಿದ್ದಿತು. ಸಾಲ ತೀರಿಸಲಾರದವನು ಬಡ್ಡಿಯಲ್ಲಿ ಮುಳುಗುವದು, ಕುಲದ ಬಲವಿಲ್ಲದವನಿಗೆ ನ್ಯಾಯ ಸಿಗದಿರುವದು, ಹುಟ್ಟಿದ ಹೆಣ್ಣುಕೂಸನ್ನು ಕೆಲವರು ಜೀವಂತ ಹೂಳುವದು, ಇವೆಲ್ಲ ಅಂದಿನ ಸಮಾಜದ ಕಲೆಗಳಾಗಿದ್ದವು.

ಈ ಕುರೈಷ ಕುಲದ ಹಾಶಿಮ ಮನೆತನದಲ್ಲಿ ಕ್ರಿ. ಶ. 570ರ ಸುಮಾರಿಗೆ ಮಹಮ್ಮದ ಪೈಗಂಬರರು ಜನಿಸಿದರು. ಹುಟ್ಟುವ ಮುಂಚೆಯೇ ತಂದೆ ಅಬ್ದುಲ್ಲಾರು ತೀರಿಕೊಂಡಿದ್ದರು. ಆರು ವರ್ಷದವರಿದ್ದಾಗ ತಾಯಿ ಆಮಿನಾ ಹೋದರು. ಮುಂದೆ ಅಜ್ಜ, ಅಜ್ಜನ ತರುವಾಯ ದೊಡ್ಡಪ್ಪ ಅಬೂ ತಾಲಿಬರು ಸಾಕಿದರು. ಅನಾಥರ ಸೊತ್ತನ್ನು ಕಬಳಿಸುವವರ ಮೇಲೆ ಕುರಾನವು ಮೇಲಿಂದ ಮೇಲೆ ಹರಿಹಾಯುವದನ್ನು ಓದುವಾಗ ಈ ಬಾಲ್ಯವು ನೆನಪಿಗೆ ಬರದೆ ಇರದು. ಬೆಳೆದು ದೊಡ್ಡವರಾದ ಮೇಲೆ ಖದೀಜಾ ಎಂಬ ವಿಧವೆ ವ್ಯಾಪಾರಿಣಿಯ ಸರಕನ್ನು ಸಿರಿಯಾಕ್ಕೆ ಒಯ್ದು ಪ್ರಾಮಾಣಿಕರೆಂದು ಹೆಸರು ಪಡೆದರು. ಬಳಿಕ ಆಕೆಯನ್ನೇ ಲಗ್ನವಾದರು.

ಅವರು ಊರ ಹೊರಗಿನ ಹಿರಾ ಎಂಬ ಗುಡ್ಡದ ಗವಿಯಲ್ಲಿ ಏಕಾಂತದಲ್ಲಿ ಕುಳಿತುಕೊಳ್ಳುತ್ತಿದ್ದರು. 610ರಲ್ಲಿ, ನಾಲ್ವತ್ತರ ವಯಸ್ಸಿನಲ್ಲಿ, ಅಲ್ಲಿಯೇ ಜಿಬ್ರೀಲ ಎಂಬ ದೇವದೂತನ ಮೂಲಕ ಮೊದಲ ದಿವ್ಯವಾಣಿಯು ತಮಗೆ ಬಂದಿತೆಂದು ಅವರು ಹೇಳಿದರು. ಮೊಟ್ಟಮೊದಲು ನಂಬಿದವಳು ಹೆಂಡತಿ ಖದೀಜಾ. ಸಾರಿದ ಮಾತು ಚಿಕ್ಕದು: ದೇವರು ಒಬ್ಬನೇ, ಅವನ ಹೊರತು ಯಾರೂ ಪೂಜೆಗೆ ಅರ್ಹರಲ್ಲ, ಮಾಡಿದ್ದಕ್ಕೆಲ್ಲ ಒಂದು ದಿನ ಲೆಕ್ಕ ಕೊಡಬೇಕಾಗುವದು. ಆದರೆ ಈ ಚಿಕ್ಕ ಮಾತು ಮಕ್ಕಾದ ಶ್ರೀಮಂತರ ಯಾತ್ರೆಯ ಆದಾಯಕ್ಕೂ ಕುಲದ ಹೆಮ್ಮೆಗೂ ಏಕಕಾಲಕ್ಕೆ ಪೆಟ್ಟು ಕೊಡುವಂತಿದ್ದಿತು. ಹೀಗಾಗಿ ಹೊಸ ಮತದವರಿಗೆ ಹಿಂಸೆ ಆರಂಭವಾಯಿತು. ಬಿಲಾಲ ಎಂಬ ಕಪ್ಪುವರ್ಣದ ಗುಲಾಮನನ್ನು ಒಡೆಯನು ಸುಡುವ ಮರಳಿನ ಮೇಲೆ ಕೆಡವಿ ಎದೆಯ ಮೇಲೆ ಬಂಡೆಯನ್ನು ಹೇರಿಸಿದನು; ಅವನು ನಂಬಿಕೆ ಬಿಡಲಿಲ್ಲ. ಅಬೂಬಕರರು ಅವನನ್ನು ಕೊಂಡು ಬಿಡುಗಡೆ ಮಾಡಿದರು. ಮುಂದೆ ಮದೀನಾದಲ್ಲಿ ಪ್ರಾರ್ಥನೆಯ ಕರೆ ಕೊಡಲು ಪೈಗಂಬರರು ಆರಿಸಿದ್ದು ಈ ಬಿಲಾಲರನ್ನೇ. ಇಂದು ಜಗತ್ತಿನ ಮಸೀದಿಗಳಲ್ಲೆಲ್ಲ ಕೇಳಿಬರುವ ಬಾಂಗನ್ನು ಮೊದಲು ಕೂಗಿದ ಕಂಠವು ಒಬ್ಬ ಗುಲಾಮನದಾಗಿದ್ದಿತೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಹಿಂಸೆ ತಾಳದೆ ಕೆಲವರು ಸಮುದ್ರ ದಾಟಿ ಅಬಿಸೀನಿಯಾಕ್ಕೆ ಹೋದರು. ಅಲ್ಲಿಯ ಕ್ರೈಸ್ತ ಅರಸನು ಅವರಿಗೆ ಆಶ್ರಯ ಕೊಟ್ಟನು. 622ರಲ್ಲಿ ಪೈಗಂಬರರೇ ಉತ್ತರದ ಯಸ್ರಿಬ ಎಂಬ ಊರಿಗೆ ವಲಸೆ ಹೋದರು. ಖರ್ಜೂರದ ತೋಟಗಳ ಆ ಊರೇ ಮುಂದೆ ಮದೀನಾ ಎನಿಸಿತು. ಈ ವಲಸೆಗೆ ಹಿಜರತ್ ಎನ್ನುವರು. ಮುಸಲ್ಮಾನರ ಶಕೆಯು ಇಲ್ಲಿಂದ ಎಣಿಕೆಯಾಗುತ್ತದೆ. ಇದನ್ನು ಹೀಗೆ ಗೊತ್ತುಪಡಿಸಿದವರು ಎರಡನೆಯ ಖಲೀಫರಾದ ಉಮರರು. ಪೈಗಂಬರರ ಹುಟ್ಟನ್ನಾಗಲಿ ಅವರ ಗೆಲುವನ್ನಾಗಲಿ ಹಿಡಿಯದೆ, ಊರು ಬಿಟ್ಟು ಹೊರಟ ವರ್ಷವನ್ನು ಶಕೆಯ ಆರಂಭಕ್ಕೆ ಹಿಡಿದದ್ದು ವಿಚಾರಾರ್ಹವಾಗಿದೆ. ಮುಂದೆ ಎಂಟು ವರ್ಷ ಬದ್ರ, ಉಹುದಗಳಂಥ ಕದನಗಳೂ ಒಪ್ಪಂದಗಳೂ ನಡೆದವು. 630ರಲ್ಲಿ ಮಕ್ಕಾ ಅಧೀನವಾದಾಗ ಕಾಬಾದ ಮೂರ್ತಿಗಳನ್ನು ತೆಗೆಯಿಸಿದರು. ಊರ ಜನಕ್ಕೆ, ಕೆಲವರ ಹೊರತು, ಸಾರ್ವತ್ರಿಕ ಕ್ಷಮೆಯನ್ನು ಸಾರಿದರು. 632ರಲ್ಲಿ ಮದೀನಾದಲ್ಲಿ ತೀರಿಕೊಂಡರು.

ಇನ್ನು ನಂಬಿಕೆಗಳ ವಿಷಯ. ಇಸ್ಲಾಂ ಎಂದರೆ ದೇವರ ಇಚ್ಛೆಗೆ ತನ್ನನ್ನು ಒಪ್ಪಿಸಿಕೊಳ್ಳುವದು. ಹಾಗೆ ಒಪ್ಪಿಸಿಕೊಂಡವನು ಮುಸ್ಲಿಮನು. ಅಲ್ಲಾಹ ಎಂಬುದು ಒಂದು ಮತದ ದೇವತೆಯ ಹೆಸರೆಂದು ಕೆಲವರು ತಿಳಿದಿರುತ್ತಾರೆ. ಅರಬ್ಬಿ ಮಾತನಾಡುವ ಕ್ರೈಸ್ತರೂ ದೇವರನ್ನು ಅದೇ ಶಬ್ದದಿಂದ ಕರೆಯುವರು. ಆ ದೇವರು ಹುಟ್ಟಿದವನಲ್ಲ, ಯಾರನ್ನೂ ಹೆತ್ತವನಲ್ಲ, ಅವನಿಗೆ ರೂಪವಿಲ್ಲ, ಸರಿಸಮಾನರಿಲ್ಲ. ಆದುದರಿಂದಲೇ ಮಸೀದಿಯೊಳಗೆ ಯಾವ ಮೂರ್ತಿಯೂ ಚಿತ್ರವೂ ಇರುವದಿಲ್ಲ. ಪೈಗಂಬರರು ಸಹ ದೇವರಲ್ಲ, ದೇವರ ಅವತಾರವೂ ಅಲ್ಲ. ಅವರು ಸಂದೇಶವನ್ನು ತಂದ ಮನುಷ್ಯರು. ಅವರನ್ನು ಪೂಜಿಸುವದು ಆ ಧರ್ಮದಲ್ಲಿ ದೊಡ್ಡ ಪಾಪವು. ಅವರಿಗಿಂತ ಮುಂಚೆ ಇಬ್ರಾಹಿಮ, ಮೂಸಾ, ಈಸಾ (ಎಂದರೆ ಯೇಸು) ಮೊದಲಾದ ಅನೇಕ ಪ್ರವಾದಿಗಳು ಬಂದಿದ್ದರೆಂದೂ, ಮಹಮ್ಮದರು ಕೊನೆಯವರೆಂದೂ ಮುಸಲ್ಮಾನರು ನಂಬುತ್ತಾರೆ. ಇಪ್ಪತ್ತಮೂರು ವರ್ಷಗಳಲ್ಲಿ ಅವರಿಗೆ ಬಂದ ದಿವ್ಯವಾಣಿಯ ಸಂಗ್ರಹವೇ ಕುರಾನ. ಅದರಲ್ಲಿ 114 ಅಧ್ಯಾಯಗಳಿವೆ. ಮೂರನೆಯ ಖಲೀಫ ಉಸ್ಮಾನರ ಕಾಲದಲ್ಲಿ, 650ರ ಸುಮಾರಿಗೆ, ಅದರ ಪಾಠವು ಸ್ಥಿರವಾಯಿತು. ದೇವದೂತರಲ್ಲಿಯೂ ಅಂತಿಮ ನ್ಯಾಯದ ದಿನದಲ್ಲಿಯೂ ನಂಬಿಕೆಯಿಡುವದು ಇದೇ ಮೂಲತತ್ವಗಳಲ್ಲಿ ಸೇರಿದ್ದು.

ಆಚರಣೆಗೆ ಐದು ಕರ್ತವ್ಯಗಳು. ದೇವರೊಬ್ಬನೇ, ಮಹಮ್ಮದರು ಅವನ ದೂತರು ಎಂದು ಮನಃಪೂರ್ವಕವಾಗಿ ನುಡಿಯುವದು ಮೊದಲನೆಯದು. ದಿನಕ್ಕೆ ಐದು ಹೊತ್ತು ಕಾಬಾದ ದಿಕ್ಕಿಗೆ, ನಮ್ಮಲ್ಲಿಂದ ಪಶ್ಚಿಮಕ್ಕೆ, ಮುಖ ಮಾಡಿ ನಮಾಜು ಮಾಡುವದು ಎರಡನೆಯದು. ಕಾಬಾ ದಿಕ್ಕನ್ನು ತೋರುವದೇ ಹೊರತು ಪೂಜೆಗೊಳ್ಳುವ ವಸ್ತುವಲ್ಲ. ನಮಾಜಿನ ಸಾಲಿನಲ್ಲಿ ಮೊದಲು ಬಂದವನು ಮುಂದೆ ನಿಲ್ಲುವನು. ಗೌಡನಿಗೆ ಬೇರೆ ಜಾಗೆಯಿಲ್ಲ, ಆಳಿಗೆ ಬೇರೆ ಜಾಗೆಯಿಲ್ಲ. ಮುಂದೆ ನಿಂತು ನಡೆಸುವವನೂ ವಂಶಪರಂಪರೆಯ ಪುರೋಹಿತನಾಗಿರಬೇಕೆಂದಿಲ್ಲ. ಕುರಾನ ಬಲ್ಲ ಯಾರೂ ಆಗಬಹುದು. ರಮಜಾನ ತಿಂಗಳಲ್ಲಿ ಬೆಳಗಿನ ಬೆಳಕು ಮೂಡುವದಕ್ಕೆ ಮುಂಚಿನಿಂದ ಸೂರ್ಯ ಮುಳುಗುವ ವರೆಗೆ ಅನ್ನ ನೀರು ಮುಟ್ಟದಿರುವದು ರೋಜಾ. ರೋಗಿಗಳಿಗೂ ಪ್ರವಾಸಿಗಳಿಗೂ ಇದರಲ್ಲಿ ಸಡಿಲಿಕೆಯುಂಟು. ಶಕ್ತಿಯಿದ್ದವರು ಜೀವನದಲ್ಲೊಮ್ಮೆ ಮಕ್ಕಾ ಯಾತ್ರೆ ಮಾಡುವದು ಹಜ್. ಅಲ್ಲಿ ಗಂಡಸರೆಲ್ಲ, ಅರಸನಿರಲಿ ಆಳಿರಲಿ, ಹೊಲಿಗೆಯಿಲ್ಲದ ಎರಡು ಬಿಳಿಯ ವಸ್ತ್ರಗಳನ್ನೇ ಉಡಬೇಕು.

ಉಳಿದ ಜಕಾತಿನ ವಿಷಯವನ್ನು ತುಸು ಬಿಡಿಸಿ ಹೇಳಬೇಕು. ಏಕೆಂದರೆ ಇದನ್ನು ಬರಿಯ ಭಿಕ್ಷೆಯೆಂದು ತಿಳಿದವರುಂಟು. ಇದು ಮನಬಂದಾಗ ಕೊಡುವ ದಾನವಲ್ಲ, ಲೆಕ್ಕದ ಬಾಕಿ. ಏಳೂವರೆ ತೊಲೆ ಬಂಗಾರದಷ್ಟು ಉಳಿತಾಯವು ವರ್ಷವಿಡೀ ಕೈಯಲ್ಲಿದ್ದರೆ ಅದರ ನಾಲ್ವತ್ತರಲ್ಲೊಂದು ಪಾಲನ್ನು ಬಡವರಿಗೆ, ಸಾಲದಲ್ಲಿ ಬಿದ್ದವರಿಗೆ, ದಿಕ್ಕುಗೆಟ್ಟ ಪ್ರವಾಸಿಗಳಿಗೆ ಸಲ್ಲಿಸತಕ್ಕದ್ದು. ನಾಲ್ಕು ಲಕ್ಷಕ್ಕೆ ಹತ್ತು ಸಾವಿರ ಎಂದಂತಾಯಿತು. ಬೆಳೆಯ ಮೇಲೆ ಬೇರೆ ಲೆಕ್ಕ. ಮಳೆಯ ನೀರಿನಿಂದ ಬೆಳೆದುದಾದರೆ ಹತ್ತರಲ್ಲೊಂದು, ಬಾವಿಯ ನೀರನ್ನೆತ್ತಿ ಬೆಳೆದುದಾದರೆ ಇಪ್ಪತ್ತರಲ್ಲೊಂದು. ನೀರೆತ್ತುವ ದುಡಿಮೆಗೆ ಅರ್ಧದಷ್ಟು ಸೂಟು ಕೊಟ್ಟ ಈ ನಿಯಮದ ಮರ್ಮವನ್ನು ನಮ್ಮ ಸೀಮೆಯ ಒಕ್ಕಲಿಗನಿಗೆ ಯಾರೂ ವಿವರಿಸಬೇಕಾಗಿಲ್ಲ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವೆನು. ನಮಾಜು, ರೋಜಾ, ಪೈಗಂಬರ ಇವು ಅರಬ್ಬಿ ಶಬ್ದಗಳಲ್ಲ, ಪಾರಸಿ ಶಬ್ದಗಳು. ಅರಬರು ಸಲಾತ್, ಸೌಮ್, ರಸೂಲ್ ಎನ್ನುವರು. ನಮ್ಮ ನಾಡಿಗೆ ಈ ಧರ್ಮವು ಬಹುಮಟ್ಟಿಗೆ ಇರಾನದ ಭಾಷೆಯ ಸಂಸ್ಕಾರವನ್ನು ಹೊತ್ತುಕೊಂಡು ಬಂದಿತೆಂಬುದಕ್ಕೆ ನಮ್ಮ ನಾಲಗೆಯೇ ಸಾಕ್ಷಿ. ನಮ್ಮ ಓಣಿಯ ಅಡ್ಡಹೆಸರುಗಳನ್ನು ನೋಡಿರಿ: ನದಾಫನು ಅರಳೆ ಹಿಂಜುವವನು, ಅತ್ತಾರನು ಸುಗಂಧ ಮಾರುವವನು, ಬಾಗವಾನನು ತೋಟಗಾರನು. ಇಷ್ಟೇ ಏಕೆ, 'ರೈತ' ಎಂಬ ಶಬ್ದವು ಅರಬ್ಬಿ ಮೂಲದ್ದು. ಮೇಲೆ ನಾನು ಸಹಜವಾಗಿ ಬಳಸಿದ 'ಹಂಗಾಮು' ಪಾರಸಿಯದು.

ಪೈಗಂಬರರ ತರುವಾಯ ನಾಯಕತ್ವವು ಯಾರಿಗೆ ಸಲ್ಲಬೇಕೆಂಬ ಭಿನ್ನಮತವುಂಟಾಯಿತು. ಅಬೂಬಕರ, ಉಮರ, ಉಸ್ಮಾನ, ಅಲಿ ಈ ನಾಲ್ವರೂ ಕ್ರಮವಾಗಿ ಖಲೀಫರಾದರು. ಪೈಗಂಬರರ ಅಳಿಯಂದಿರಾದ ಅಲಿಯವರಿಗೇ ಮೊದಲಿನಿಂದ ಅದು ಸಲ್ಲಬೇಕಾಗಿದ್ದಿತೆನ್ನುವವರು ಶಿಯಾಗಳು. ನಡೆದ ಕ್ರಮವನ್ನೇ ಒಪ್ಪುವವರು ಸುನ್ನಿಗಳು. 680ರಲ್ಲಿ, ಮೊಹರಂ ತಿಂಗಳ ಹತ್ತನೆಯ ದಿನ, ಇರಾಕದ ಕರ್ಬಲಾ ಬಯಲಿನಲ್ಲಿ ಅಲಿಯವರ ಮಗ ಹುಸೇನರು ಸುಮಾರು ಎಪ್ಪತ್ತೆರಡು ಜನ ಸಂಗಡಿಗರೊಡನೆ ಯಜೀದನ ದೊಡ್ಡ ಸೈನ್ಯಕ್ಕೆ ತಲೆಬಾಗದೆ ಹತರಾದರು. ಹತ್ತಿರದಲ್ಲಿಯೇ ಯುಫ್ರೆಟಿಸ್ ನದಿ ಹರಿಯುತ್ತಿದ್ದರೂ ಅವರಿಗೆ, ಅವರ ಮಕ್ಕಳಿಗೆ, ನೀರನ್ನು ತಡೆಯಲಾಗಿದ್ದಿತು. ನಮ್ಮ ಮೊಹರಮ್ಮಿನ ಮೂಲವು ಈ ಘಟನೆ. ಇದು ಸಂತೋಷದ ಹಬ್ಬವಲ್ಲ, ದುಃಖದ ನೆನಪು. 1972ರ ಬರವನ್ನು ಕಂಡ, ಕೊಡ ನೀರಿಗೆ ಮೈಲುಗಟ್ಟಲೆ ನಡೆದ ಈ ಸೀಮೆಯ ಹೆಣ್ಣುಮಕ್ಕಳಿಗೆ ಹುಸೇನರ ಮಕ್ಕಳ ಬಾಯಾರಿಕೆಯ ಪದವನ್ನು ಕೇಳುವಾಗ ಕಣ್ಣು ತುಂಬುವದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವದಿಲ್ಲ.

ಈ ಧರ್ಮವು ಕನ್ನಡ ನಾಡಿಗೆ ದಂಡಿನ ಜೊತೆಗೇ ಬಂದಿತೆಂಬುದು ಸಾಮಾನ್ಯ ತಿಳಿವಳಿಕೆ. ಕರಾವಳಿಯ ಮಟ್ಟಿಗೆ ಇದು ತಪ್ಪು. ಅಲ್ಲಿ ಅರಬ ವ್ಯಾಪಾರಿಗಳು ಮೆಣಸಿಗಾಗಿ ಹಡಗಿನಲ್ಲಿ ಬಂದು, ನೆಲೆ ನಿಂತು, ಮಸೀದಿ ಕಟ್ಟಿಕೊಂಡರು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಇಬ್ನ ಬತೂತನೆಂಬ ಪ್ರವಾಸಿಯು ಆ ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಅಲ್ಲಿಯ ಹೆಂಗಸರಿಗೆ ಕುರಾನವು ಕಂಠಪಾಠವಾಗಿದ್ದಿತೆಂದೂ ಬರೆದಿದ್ದಾನೆ.

ನಮ್ಮ ಬಯಲುಸೀಮೆಯ ಕಥೆ ಬೇರೆ. ಇಲ್ಲಿಗೆ ದಂಡು ಬಂದದ್ದು ನಿಜ. 1347ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯವೂ, ಅದು ಒಡೆಯುತ್ತ ಬಂದಾಗ 1490ರ ಸುಮಾರಿಗೆ ವಿಜಯಪುರದಲ್ಲಿ ಆದಿಲಶಾಹಿಯೂ ತಲೆಯೆತ್ತಿದವು. 1565ರ ಯುದ್ಧದ ತರುವಾಯ ವಿಜಯನಗರಕ್ಕೆ ಆದ ಗತಿಯನ್ನು ಮುಚ್ಚಿಡುವ ಕಾರಣವಿಲ್ಲ. ಗುಡಿಗಳು ಕೆಡವಲ್ಪಟ್ಟದ್ದೂ ಉಂಟು. ಆದರೆ ಅರಸರ ಯುದ್ಧಗಳಿಂದ ಮನೆಮನೆಯ ನಂಬಿಕೆಯನ್ನು ವಿವರಿಸಲಾಗದು. ಅರಸರು ತಮ್ಮೊಳಗೂ ಅಷ್ಟೇ ಉತ್ಸಾಹದಿಂದ ಕಾದಾಡುತ್ತಿದ್ದರು. ಆದಿಲಶಾಹಿಯನ್ನು 1686ರಲ್ಲಿ ಅಳಿಸಿದವನು ಔರಂಗಜೇಬನೇ ಹೊರತು ಅನ್ಯಧರ್ಮೀಯನಲ್ಲ. ಎರಡನೆಯ ಇಬ್ರಾಹಿಮ ಆದಿಲಶಾಹನು (1580-1627) ಸಂಗೀತದ ಮೇಲೆ 'ಕಿತಾಬ್-ಎ-ನವರಸ'ವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಪ್ರಜೆಗಳು ಅವನನ್ನು ಜಗದ್ಗುರುವೆಂದರು. ಅವನ ಮಗ ಮುಹಮ್ಮದನು ತನ್ನ ಗೋರಿಗಾಗಿ ಗೋಲಗುಮ್ಮಟವನ್ನೆಬ್ಬಿಸಿದನು. ಗೋರಿಯು ಸಾದಾ ಇರಬೇಕೆಂಬುದು ಪೈಗಂಬರರ ಉಪದೇಶ. ಆದಕಾರಣ ಆ ಗುಮ್ಮಟವನ್ನು ಧರ್ಮದ ಗುರುತೆಂದು ಹೇಳದೆ ಅರಸುತನದ ಗುರುತೆಂದು ಹೇಳುವದೇ ಸರಿಯಾದೀತು. ನಮ್ಮ ಜತ್ತಿನ ಡಫಳೆ ಮನೆತನವೂ ಆದಿಲಶಾಹಿಯ ಸೇವೆಯಲ್ಲಿದ್ದುಕೊಂಡೇ ಅದರ ಕೊನೆಯ ವರ್ಷಗಳಲ್ಲಿ ಈ ಭಾಗದ ದೇಶಮುಖಿಯನ್ನು ಪಡೆಯಿತು. ಆ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ಉಳಿದಿದ್ದಿತು.

ಜನಸಾಮಾನ್ಯರ ಮನೆಯ ಹೊಸ್ತಿಲವರೆಗೆ ಈ ಧರ್ಮವನ್ನು ತಂದವರು ಬಹುಪಾಲು ಸೂಫಿ ಸಂತರು. ದಿಲ್ಲಿಯಿಂದ ಮುದಿವಯಸ್ಸಿನಲ್ಲಿ ಕಲಬುರ್ಗಿಗೆ ಬಂದು ನೆಲೆಸಿ 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ಹೆಸರನ್ನು ಕೇಳದವರಿಲ್ಲ. ವಿಜಯಪುರದಲ್ಲಿ ಶಾಹ ಮೀರಾಂಜಿ, ಅವರ ಮಗ ಬುರಹಾನುದ್ದೀನ ಜಾನಮ, ಮೊಮ್ಮಗ ಅಮೀನುದ್ದೀನ ಆಲಾ ಎಂಬ ಮೂರು ತಲೆಮಾರಿನ ಸಂತರು ಪಾರಸಿಯನ್ನು ಬದಿಗಿರಿಸಿ ಜನರಾಡುವ ದಖನಿ ಭಾಷೆಯಲ್ಲಿ ಬರೆದರು. ಈ ಪರಂಪರೆಯಿಂದ ಹೊರಟ 'ಚಕ್ಕಿನಾಮಾ'ಗಳೆಂದರೆ ಬೀಸುವ ಪದಗಳು. ಹೆಂಗಸರು ನಸುಕಿನಲ್ಲಿ ಜೋಳ ಬೀಸುತ್ತ ಹಾಡಿಕೊಳ್ಳಲೆಂದು ಹುಟ್ಟಿದವು. ಬೀಸುವ ಕಲ್ಲಿನ ನೆಟ್ಟನೆಯ ಗೂಟವು ಅರಬ್ಬಿಯ ಮೊದಲಕ್ಷರದಂತೆ ಕಾಣುವದರಿಂದ ಅದು ದೇವರೊಬ್ಬನೇ ಎಂಬುದನ್ನು ನೆನಪಿಸುವದು. ಕಲ್ಲು ತಿರುಗಲು ಆಧಾರವಾದ ನಡುಗೂಟವು ಪೈಗಂಬರರನ್ನು. ಹೀಗೆ ಅಕ್ಷರ ಬಾರದ ತಾಯಂದಿರಿಗೆ ಕೈಯಲ್ಲಿದ್ದ ಕಲ್ಲೇ ಪಾಠವಾಯಿತು. ಅಮೇರಿಕದ ಇತಿಹಾಸಕಾರ ರಿಚರ್ಡ ಈಟನ್ನರು ವಿಜಯಪುರದ ಸೂಫಿಗಳನ್ನು ಕುರಿತು 1978ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದಗಳಿಗೆ ಬಹಳ ಮಹತ್ವ ಕೊಟ್ಟಿದ್ದಾರೆ. ನಮ್ಮ ಗರತಿಯರು ಅದೇ ಹೊತ್ತಿಗೆ ಅದೇ ಕಲ್ಲಿನ ಮುಂದೆ ಕುಳಿತು ಕನ್ನಡದಲ್ಲಿ ಮಲ್ಲಯ್ಯನನ್ನು ನೆನೆಯುತ್ತಿದ್ದರು. ಗೋಡೆಯ ಆಚೆ ಒಂದು ಹಾಡು, ಈಚೆ ಒಂದು.

ಗೋಡೆ ದಾಟಿ ಹಾಡುಗಳು ಬೆರೆತ ಸ್ಥಳವೇ ನಮ್ಮ ಹಳ್ಳಿಯ ಮೊಹರಂ. ಪಂಜಾಗಳನ್ನು ಕೂಡ್ರಿಸುವದು, ಅಲಾವಿಯ ಕುಣಿಯ ಸುತ್ತ ಕುಣಿಯುವದು, ಕತಲ ರಾತ್ರಿಯಲ್ಲಿ ಕನ್ನಡದ ರಿವಾಯತ ಪದಗಳನ್ನು ಹಾಡುವದು, ಹರಕೆ ಹೊರುವದು, ಇವುಗಳಲ್ಲಿ ಬಹಳಷ್ಟು ಇಸ್ಲಾಮಿನ ಶಾಸ್ತ್ರಗಳಲ್ಲಿಲ್ಲ. ಮುಸಲ್ಮಾನರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲಿಯೂ ಈ ಹಬ್ಬವು ನಡೆಯುವದನ್ನು ಉತ್ತರ ಕರ್ನಾಟಕದಲ್ಲಿ ಕಾಣಬಹುದು. ಪಂಜಾವನ್ನು 'ದೇವರು' ಎಂದು ಕರೆಯುವದು ಒಬ್ಬನೇ ದೇವರೆಂಬ ಮೂಲತತ್ವಕ್ಕೆ ವಿರುದ್ಧವೆಂದು ಆ ಧರ್ಮದ ಪಂಡಿತರು ಆಕ್ಷೇಪಿಸುತ್ತ ಬಂದಿದ್ದಾರೆ. ಅವರ ಆಕ್ಷೇಪವು ನ್ಯಾಯವಾದುದೇ. ಅವರ ಶಾಸ್ತ್ರದಿಂದ ನೋಡಿದರೆ ಬೇರೆ ಮಾತು ಬರಲಾರದು. ಮೊಹರಂ ಕುಣಿತಕ್ಕೆ ಬಾರದೆ ಮನೆಯಲ್ಲಿಯೇ ಉಪವಾಸವಿದ್ದು ಪ್ರಾರ್ಥಿಸುವ ಮುಸಲ್ಮಾನ ಬಂಧುವನ್ನು 'ಊರು ಬಿಟ್ಟವನು' ಎಂದು ನಾವು ಆಡಿಕೊಳ್ಳುವದು ಈ ಅಜ್ಞಾನದಿಂದಲೇ. ಹಾಗೆಂದು ಕುಣಿಯುವವರನ್ನು ಧರ್ಮಬಾಹಿರರೆನ್ನುವ ಅಧಿಕಾರವೂ ನಮಗಿಲ್ಲ. ಶಿಶುನಾಳದ ಶರೀಫರು (1819-1889) ರಿವಾಯತ ಪದಗಳನ್ನೂ ಬರೆದರು, ಗೋವಿಂದಭಟ್ಟರನ್ನು ಗುರುವೆಂದೂ ಒಪ್ಪಿದರು. ಎರಡಕ್ಕೂ ಅವರಿಗೆ ಕನ್ನಡವೇ ಸಾಕಾಯಿತು.

ಬೀದರಿನ ಹತ್ತಿರ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದಶಹಾನ ಗೋರಿಯಿದೆ. ಅವನು 1436ರಲ್ಲಿ ತೀರಿಕೊಂಡನು. ಮುಸಲ್ಮಾನರು ಅವನನ್ನು ವಲಿಯೆಂದು ಗೌರವಿಸುವರು. ಲಿಂಗವಂತರಲ್ಲಿ ಅನೇಕರು ಅವನನ್ನು ಅಲ್ಲಮಪ್ರಭುವಿನ ಅಂಶವೆಂದು ಭಾವಿಸುವರು. ಪ್ರತಿವರ್ಷದ ಉರುಸಿಗೆ ಕಲಬುರ್ಗಿ ಕಡೆಯ ಮಾಡಿಯಾಳದಿಂದ ಜಂಗಮರೊಬ್ಬರು ಭಕ್ತರ ಸಮೂಹದೊಡನೆ ಶಂಖ ಊದಿಸುತ್ತ ಬಂದು ಗೋರಿಗೆ ಹೂ ಏರಿಸುವ ಸಂಪ್ರದಾಯವಿದೆ. ಈ ಉರುಸನ್ನು ಹಿಜರಿ ತಿಂಗಳಿನಂತೆ ಆಚರಿಸದೆ ನಮ್ಮ ಪಂಚಾಂಗದಂತೆ ಹೋಳಿಹುಣ್ಣಿವೆಯ ತರುವಾಯ ಆಚರಿಸುತ್ತಾರೆ. ಹೀಗಾಗಿ ಸುಲ್ತಾನನ ಉರುಸು ಮೊಹರಮ್ಮಿನಂತೆ ಹಂಗಾಮಿನಿಂದ ಹಂಗಾಮಿಗೆ ತಿರುಗುವದಿಲ್ಲ. ಒಕ್ಕಲಿಗರಿಗೆ ಸುಗ್ಗಿ ಮುಗಿದು ಕೈ ಬಿಡುವಾದ ದಿನಗಳಲ್ಲಿಯೇ ಬರುವದು.